ಪಿತ್ತಣ್ಣನ ಖಾಲಿ ಸೀಮೆ

ಲಿಫ್ಟಿನೊಳಗೆ ಪಿತ್ತಣ್ಣ ನಿಂತಿರುವುದು ಕಂಡರೆ ಸಂಶೋಧನಾಲಯದ ಜನ ಮೆಟ್ಟಿಲ ಕಡೆ ತಿರುಗುತ್ತಿದ್ದರು. ಮಂಡಿನೋವಿನ ಕಚೇರಿ ಮ್ಯಾನೇಜರ್ ಕೂಡ. ಎಲ್ಲರಿಗೂ ವ್ಯಾಯಾಮದ ಮೇಲೆ ಇಷ್ಟೊಂದು ಆಸಕ್ತಿ ಇರುವುದನ್ನು ಕಂಡು ಪಿತ್ತಣ್ಣನಿಗೆ ಸಂತೋಷವಾಗುತ್ತಿತ್ತು. ತಪ್ಪಿಸಿಕೊಳ್ಳಲಾರದೆ ಲಿಫ್ಟಿನಲ್ಲಿ ಸಿಕ್ಕಿಬಿದ್ದವರು ತಮ್ಮ ಮಹಡಿ ಬರುವಷ್ಟರಲ್ಲಿ ಪಿತ್ತನಾಳದ ಬಗ್ಗೆ ತಮಗೆ ಬೇಕಾದದ್ದಕ್ಕಿಂತ ಬಹಳ ಹೆಚ್ಚು ತಿಳಿದುಕೊಂಡು ಇಳಿಯುತ್ತಿದ್ದರು.

ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿತ್ತು. ಉಳಿದ ಕಡೆಯೆಲ್ಲ ಪಿತ್ತಣ್ಣನೇ. ಯಾರೋ ಕುಚೋದ್ಯಕ್ಕೆ ಇಟ್ಟ ಹೆಸರು. ಅವನು ಅದನ್ನು ಬಿರುದು ಎಂದೇ ಸ್ವೀಕರಿಸಿದ್ದ.

ಅವನ ಕೆಲಸ ಇಲಿಯ ಯಕೃತ್ತಿನೊಳಗಿನ ಪಿತ್ತನಾಳಗಳ ಚಿತ್ರ ತೆಗೆಯುವುದು. ಕೇಳಲಿ ಬಿಡಲಿ, ಅವನು ಹೇಳುತ್ತಿದ್ದ: ಯಕೃತ್ತಿನಲ್ಲಿ ತಯಾರಾದ ಪಿತ್ತ ಕೂದಲಿಗಿಂತ ಸಣ್ಣ ನಾಳಗಳಲ್ಲಿ ಹೊರಟು, ನಾಳಕ್ಕೆ ನಾಳ ಸೇರಿ, ಕೊನೆಗೆ ಒಂದೇ ದಪ್ಪ ಕಾಂಡವಾಗಿ ಹೊರಬರುತ್ತದೆ, ತಲೆಕೆಳಗಾಗಿ ನಿಂತ ಮರದ ಹಾಗೆ. ಕೆಲವು ಕಾಯಿಲೆಗಳಲ್ಲಿ ಈ ಮರದ ಕೊಂಬೆಗಳು ಕೆಡುತ್ತವೆ. ಪಿತ್ತ ಹರಿಯದೆ ಮೈಯೆಲ್ಲ ಹಳದಿಯಾಗುತ್ತದೆ. ಆ ಕಾಯಿಲೆ ಬರುವಂತೆ ಬೆಳೆಸಿದ ಇಲಿಗಳೂ, ಹೋಲಿಸಿ ನೋಡಲು ಆರೋಗ್ಯವಂತ ಇಲಿಗಳೂ ಮೇಲಿನ ಮಹಡಿಯ ಗೂಡುಗಳಲ್ಲಿದ್ದವು. ಅವುಗಳ ಕಾಲ ಮುಗಿದ ಮೇಲೆ ಯಕೃತ್ತು ಮಾತ್ರ ಇಳಿದು ಪಿತ್ತಣ್ಣನ ಮೇಜಿಗೆ ಬರುತ್ತಿತ್ತು. ಅವನು ಹಳದಿ ರಾಳಕ್ಕೆ ಅದನ್ನು ಗಟ್ಟಿಯಾಗಿಸುವ ಮದ್ದು ಬೆರೆಸಿ, ಸಿರಿಂಜಿಗೆ ತುಂಬಿ, ಕಾಂಡದ ಬಾಯಿಗೆ ಎಳೆಯಷ್ಟು ಸಣ್ಣ ನಳಿಕೆ ತೂರಿಸಿ, ಮೆಲ್ಲಗೆ ಒತ್ತುತ್ತಿದ್ದ. ರಾಳ ಕಾಂಡದಿಂದ ಕೊಂಬೆಗೆ, ಕೊಂಬೆಯಿಂದ ಟಿಸಿಲಿಗೆ ಹರಡಿ ಅಲ್ಲೇ ಕಲ್ಲಾಗುತ್ತಿತ್ತು. ಆಮೇಲೆ ಸ್ಕ್ಯಾನರಿನೊಳಗಿಟ್ಟರೆ ಸುತ್ತಲಿನ ಮಾಂಸವೆಲ್ಲ ಮಾಯವಾಗಿ ಬರೀ ನಾಳದ ಮರ ಪರದೆಯ ಮೇಲೆ ಮೂರು ಆಯಾಮದಲ್ಲಿ ಗಿರ್‍ರನೆ ತಿರುಗುತ್ತಿತ್ತು.

ಈ ಕೆಲಸದಲ್ಲಿ ಒಂದೇ ಒಂದು ಕಟ್ಟುಪಾಡು. ಮದ್ದು ಬೆರೆಸಿದ ಗಳಿಗೆಯಿಂದ ರಾಳ ಗಟ್ಟಿಯಾಗತೊಡಗುತ್ತದೆ. ಆದ್ದರಿಂದ ತಡ ಮಾಡದೆ ಒತ್ತಬೇಕು. ಇದರ ಮಹತ್ವವನ್ನು ಪಿತ್ತಣ್ಣನಷ್ಟು ಬಲ್ಲವರಿಲ್ಲ. ನೋಡಲು ಬಂದವರಿಗೆಲ್ಲ ಅವನು ಅದನ್ನು ಸವಿಸ್ತಾರವಾಗಿ ವಿವರಿಸುತ್ತಿದ್ದ, ತುಂಬಿದ ಸಿರಿಂಜನ್ನು ಕೈಯಲ್ಲಿ ಹಿಡಿದುಕೊಂಡೇ.

ಇಷ್ಟೆಲ್ಲ ವಿದ್ಯೆಯಿದ್ದ ಮನುಷ್ಯನನ್ನು ಸಂಸ್ಥೆ ಇಟ್ಟದ್ದು ನೆಲಮಾಳಿಗೆಯಲ್ಲಿ. ಕಿಟಕಿ ಎಂಬ ಹೆಸರಿಗೆ ಛಾವಣಿಗೆ ತಾಗಿದಂತೆ ಒಂದು ಗಾಜಿನ ಪಟ್ಟಿ; ಅದರಲ್ಲಿ ಹೊರಗೆ ಓಡಾಡುವವರ ಪಾದಗಳು ಮಾತ್ರ ಕಾಣುತ್ತಿದ್ದವು. ಸಂಸ್ಥೆಯ ನಿರ್ದೇಶಕರ ಮುಖದಲ್ಲಿ ಏನಿದೆಯೆಂದು ಪಿತ್ತಣ್ಣನಿಗೆ ಅಷ್ಟಾಗಿ ತಿಳಿಯುತ್ತಿರಲಿಲ್ಲ, ಆದರೆ ಅವರ ಬೂಟಿನ ಹಿಮ್ಮಡಿ ಯಾವ ಕಡೆ ಸವೆದಿದೆಯೆಂದು ಚೆನ್ನಾಗಿ ಗೊತ್ತಿತ್ತು. ಮೇಲೆ, ಕಟ್ಟಡದ ತುದಿಯಲ್ಲಿ, ಗೋಡೆಯ ಉದ್ದಕ್ಕೂ ಕಿಟಕಿಯಿರುವ ಒಂದು ಕೋಣೆಯಿತ್ತು. ಹೊರಗೆ ದೊಡ್ಡ ಮರ. ಆ ಕೋಣೆ ಚೂರು ಮೇಡಂ ಅವರದು.

ಚೂರು ಮೇಡಂ ಯಕೃತ್ತನ್ನು ಮೇಣದಲ್ಲಿ ಹೂತು, ಕೈಯಿಂದ ತಿರುಗಿಸುವ ಯಂತ್ರದಲ್ಲಿ ಕಾಗದಕ್ಕಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಅವರಿಗೂ ಪಿತ್ತಣ್ಣನಿಗೂ ಎಣ್ಣೆ ಸೀಗೆಕಾಯಿ.

“ಒಂದು ಹಾಳೆ ಓದಿ ಇಡೀ ಪುಸ್ತಕದ ಕತೆ ಹೇಳೋರು,” ಎಂದು ಅವನು.

“ಬೊಂಬೆ ತಿರುಗಿಸಿ ಚಪ್ಪಾಳೆ ಹೊಡೆಸ್ಕೊಳ್ಳೋರು,” ಎಂದು ಅವರು.

ಹೀಗಿರಲು, ಪಿತ್ತಣ್ಣ ಖಾಲಿ ಸೀಮೆಯನ್ನು ಕಂಡುಹಿಡಿದ.

ಆರೋಗ್ಯವಂತ ಇಲಿಗಳ ಮರ ತುದಿಯವರೆಗೂ ದಟ್ಟವಾಗಿ ತುಂಬಿಕೊಂಡಿತ್ತು. ಕಾಯಿಲೆಯ ಇಲಿಗಳಲ್ಲಿ ಕಾಂಡವಿತ್ತು, ದೊಡ್ಡ ಕೊಂಬೆಗಳಿದ್ದವು. ಯಕೃತ್ತಿನ ಅಂಚಿನ ಸುತ್ತ ಮಾತ್ರ ಒಂದು ಟಿಸಿಲೂ ಇಲ್ಲ. ಬೋಳು. ಒಂದು ಇಲಿಯಲ್ಲಲ್ಲ, ನೋಡಿದ ಪ್ರತಿ ರೋಗಿ ಇಲಿಯಲ್ಲೂ ಅದೇ. ಅಂದರೆ ಈ ಕಾಯಿಲೆಯಲ್ಲಿ ಅಂಚಿನ ನಾಳಗಳು ಹೇಳಹೆಸರಿಲ್ಲದಂತೆ ಅಳಿದುಹೋಗುತ್ತವೆ! ಇದುವರೆಗೆ ಯಾರೂ ಕಂಡಿರಲಿಲ್ಲ. ಪಿತ್ತಣ್ಣ ಅದಕ್ಕೆ ‘ಖಾಲಿ ಸೀಮೆ’ ಎಂದು ನಾಮಕರಣ ಮಾಡಿ, ಮುಂದೆ ಜನ ತಾವಾಗಿಯೇ ತನ್ನ ಹೆಸರನ್ನು ಅದರ ಹಿಂದೆ ಸೇರಿಸುವರೆಂದು ವಿನಯದಿಂದ ಕಾದ.

ನಿರ್ದೇಶಕರು ಪರದೆಯ ಮೇಲಿನ ಮರವನ್ನು ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು.

“ಏನ್ರೀ ಪಿತ್ತಣ್ಣ, ಇಂಥದ್ದನ್ನ ಇಟ್ಕೊಂಡು ಕೆಳಗಡೆ ಕೂತಿದೀರಲ್ರೀ!”

“ನೀವೇ ಕೂರಿಸಿದ್ದು ಸರ್.”

“ಇನ್ನು ಮೇಲೆ ಬನ್ನಿ. ವಾರ್ಷಿಕ ಸಭೇಲಿ ಇದನ್ನ ಹೇಳಿ. ಮಾರನೇ ದಿನಾನೇ ಚೂರು ಮೇಡಂ ಕೋಣೆ ನಿಮ್ಗೆ. ಇದೆಲ್ಲ ಹೀಗೆ ಇಡಿಯಾಗಿ ಕಾಣೋವಾಗ ಇನ್ನೂ ಕೊಯ್ಕೊಂಡು ಕೂರೋದು ಯಾಕೆ? ಅವರು ನಿಮ್ಮ ನೆಲಮಾಳಿಗೆಗೆ ಬರ್ಲಿ.”

ಅಷ್ಟಕ್ಕೇ ನಿಲ್ಲದೆ ಅವರು ಖಾಲಿ ಸೀಮೆಯ ಮರವನ್ನು ಆಳೆತ್ತರಕ್ಕೆ ಹಳದಿ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿಸಿ, ಮುಂಬಾಗಿಲ ಹಜಾರದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನಿಲ್ಲಿಸಿದರು. ಗಣ್ಯರು, ಗಣ್ಯರ ಬೀಗರು, ಬೀಗರ ಸ್ನೇಹಿತರು ನೋಡಲು ಬಂದರು. ಬಂದವರೆಲ್ಲ ಕೆಳಗಿಳಿದು ಪಿತ್ತಣ್ಣ ರಾಳ ಒತ್ತುವುದನ್ನೂ ನೋಡಿದರು. ಅವನು ಸಿರಿಂಜು ಎತ್ತಿ ಹಿಡಿದು, ಸೃಷ್ಟಿಯ ಆದಿಯಿಂದ ಪಿತ್ತನಾಳದವರೆಗಿನ ಇತಿಹಾಸ ಹೇಳಿ, “ಈಗ ತಡ ಮಾಡೋ ಹಾಗಿಲ್ಲ” ಎಂದು ಮತ್ತೂ ಒಂದಿಷ್ಟು ಹೇಳಿ, ಆಮೇಲೆ ಒತ್ತುತ್ತಿದ್ದ.

ಚೂರು ಮೇಡಂ ಒಬ್ಬರೇ ತಕರಾರು ತೆಗೆದರು. ಕ್ಯಾಂಟೀನಿನಲ್ಲಿ ಅವನ ತಟ್ಟೆಯ ಪಕ್ಕದಲ್ಲೇ ಗಾಜಿಗಂಟಿಸಿದ ಯಕೃತ್ತಿನ ಚೂರುಗಳ ಪೆಟ್ಟಿಗೆಯಿಟ್ಟು ಕೂತರು.

“ನೋಡಿ, ಅದೇ ಕಾಯಿಲೆ ಇಲಿ. ಅಂಚಿನಲ್ಲೂ ನಾಳ ಇದಾವೆ. ಸಣ್ಣಗಿವೆ, ಸೊಟ್ಟಗಿವೆ. ಆದ್ರೆ ಇದಾವೆ.”

“ಮೇಡಂ, ಅದು ನಾಳ ಅಂತ ಹೇಗೆ ಹೇಳ್ತೀರಿ? ಒಂದು ಚುಕ್ಕೆ ಅಷ್ಟೇ ಕಾಣೋದು. ನಾಳ ಅಂದ್ರೆ ಉದ್ದ ಇರ್ಬೇಕು, ಅಗಲ ಇರ್ಬೇಕು, ತಿರುಗ್ಬೇಕು.”

“ತಿರುಗ್ತಿರೋದು ನಿಮ್ಮ ತಲೆ.”

ಮೇಡಂ ಹಾಗೆಂದು ಎದ್ದುಹೋದರು. ಹೊಟ್ಟೆಕಿಚ್ಚು ಎಂದುಕೊಂಡು ಪಿತ್ತಣ್ಣ ಊಟ ಮುಂದುವರಿಸಿದ. ಅಂದು ಸಂಜೆ ಮನೆಗೆ ಹೋಗುವಾಗ ಒಂದು ಹೂವಿನ ಗಿಡವನ್ನು ಕುಂಡದ ಸಮೇತ ಕೊಂಡ. ಬಿಸಿಲು ಬೇಕಾದ ಗಿಡ. ಹೊಸ ಕೋಣೆ ಸಿಗುವವರೆಗೆ ನೆಲಮಾಳಿಗೆಯ ಸ್ಕ್ಯಾನರಿನ ಪಕ್ಕ ಇಟ್ಟ. ಅದು ನೋಡನೋಡುತ್ತ ಬಾಡತೊಡಗಿತು.

ಮನೆಯಲ್ಲಿ ಅವನ ಹೆಂಡತಿ ಇಷ್ಟು ವರ್ಷದ ಸಂಸಾರದಲ್ಲಿ ಒಂದು ವಿದ್ಯೆ ಕಲಿತಿದ್ದಳು. ಅವನು ಮಾತಾಡುವಾಗ ಸರಿಯಾದ ಜಾಗದಲ್ಲಿ “ಹೂಂ” ಅನ್ನುತ್ತ, ಬಟ್ಟೆ ಮಡಿಸಿ, ತಮ್ಮನಿಗೆ ಫೋನು ಮಾಡಿ, ಮಕ್ಕಳ ಲೆಕ್ಕವನ್ನೂ ತಿದ್ದುತ್ತಿದ್ದಳು. ಆದರೆ ಸಭೆ ಹತ್ತಿರವಾದಂತೆ ಪಿತ್ತಣ್ಣನ ಭಾಷಣದ ಅಭ್ಯಾಸ ಹೆಚ್ಚಿತು. ಕನ್ನಡಿಯ ಮುಂದೆ ಒಮ್ಮೆ, ಸ್ನಾನದ ಮನೆಯಲ್ಲಿ ಒಮ್ಮೆ. ಭಾನುವಾರ ಬಂದ ಭಾಮೈದನನ್ನು ಕೂರಿಸಿ ಆರಂಭದಿಂದ ಅಂತ್ಯದವರೆಗೆ.

“ಭಾವ, ತುಂಬಾ ಚೆನ್ನಾಗಿದೆ,” ಎಂದು ಭಾಮೈದ ಚಪ್ಪಲಿ ಹುಡುಕತೊಡಗಿದ. “ಅಕ್ಕ, ಊಟಕ್ಕೆ ಇನ್ನೊಂದ್ಸಲ ಬರ್ತೀನಿ. ಯಾವಾಗ ಅಂತ ಕೇಳ್ಬೇಡ.”

ಮರುದಿನ ಬೆಳಿಗ್ಗೆ ಪಿತ್ತಣ್ಣ ಬಾಯಿ ತೆರೆದ. ಬಾಗಿಲ ಕೀಲಿನಂಥ ಒಂದು ಸದ್ದು ಬಿಟ್ಟರೆ ಏನೂ ಬರಲಿಲ್ಲ. ಗಂಟಲಿನ ಡಾಕ್ಟರು ದೀಪ ಹಾಕಿ ನೋಡಿ, “ಒಂದು ವಾರ ತುಟಿ ಪಿಟಕ್ ಅನ್ನೋ ಹಾಗಿಲ್ಲ” ಎಂದರು.

“ಡಾಕ್ಟ್ರೇ, ಎರಡು ವಾರ ಮಾಡಿದ್ರೆ ಇನ್ನೂ ಒಳ್ಳೇದಲ್ವಾ?” ಎಂದು ಹೆಂಡತಿ ಬಹಳ ಕಾಳಜಿಯಿಂದ ಕೇಳಿದಳು.

ಬಾಯಿಗೆ ಬೀಗ ಬಿದ್ದರೂ ಕೈ ಸುಮ್ಮನಿರಬೇಕಾಗಿರಲಿಲ್ಲ. ಸಭೆಗೆ ಮುನ್ನ ಇನ್ನೂ ಕೆಲವು ರೋಗಿ ಇಲಿಗಳ ಯಕೃತ್ತು ಬಾಕಿಯಿತ್ತು. ಮಾತಾಡಲಾರದ ಪಿತ್ತಣ್ಣನನ್ನು ನೋಡಲು ಯಾವ ಗಣ್ಯರೂ ಬರಲಿಲ್ಲ. ಅವನು ರಾಳ ಬೆರೆಸಿದ. ಹೇಳಲು ಏನೂ ಇಲ್ಲದ್ದರಿಂದ ಒತ್ತಿದ. ಹಳದಿ ಬಣ್ಣ ಕಾಂಡ ಹತ್ತಿತು, ಕೊಂಬೆ ಹತ್ತಿತು, ಅಷ್ಟಕ್ಕೇ ನಿಲ್ಲಬೇಕಾದದ್ದು ನಿಲ್ಲಲಿಲ್ಲ. ಖಾಲಿ ಸೀಮೆಯ ಗಡಿಯನ್ನು ಹೇಳದೆ ಕೇಳದೆ ದಾಟಿ, ಅಂಚಿನ ಟಿಸಿಲುಗಳಿಗೆಲ್ಲ ನುಗ್ಗಿಬಿಟ್ಟಿತು.

ಪಿತ್ತಣ್ಣನಿಗೆ ಮೊದಲು ಬಂದದ್ದು ಸಿಟ್ಟು, ಅದೂ ಇಲಿಯ ಮೇಲೆ. ಸಭೆ ಎದುರಿಗಿರುವಾಗ ಇದೆಂಥ ಉಡಾಫೆ! ಮೇಲೆ ಹೋಗಿ ಗೂಡಿನ ಚೀಟಿ ನೋಡಿದ. ರೋಗಿ ಇಲಿಯೇ. ಬಹುಶಃ ಇದು ಕಾಯಿಲೆಯನ್ನು ಮನಸ್ಸಿಟ್ಟು ಮಾಡದ ಇಲಿ ಎಂದುಕೊಂಡು ಇನ್ನೊಂದು ಯಕೃತ್ತು ತರಿಸಿ ಒತ್ತಿದ. ಅದೂ ತುಂಬಿತು. ಮತ್ತೊಂದು. ಅದೂ. ಸ್ಕ್ಯಾನರಿನ ಪರದೆಯ ಮೇಲೆ ಅಂಚಿನವರೆಗೂ ನಾಳಗಳು: ಸಣ್ಣಗೆ, ಸೊಟ್ಟಗೆ, ಆದರೆ ಇವೆ. ಇದೇ ಮಾತನ್ನು ಎಲ್ಲೋ ಕೇಳಿದ್ದು ನೆನಪಾಗಿ ಪಿತ್ತಣ್ಣನಿಗೆ ಪಿತ್ತ ನೆತ್ತಿಗೇರಿತು.

ವಾರವೆಲ್ಲ ಅವನು ಸಿರಿಂಜನ್ನು ಸಂಶಯಿಸಿದ, ನಳಿಕೆಯನ್ನು ಸಂಶಯಿಸಿದ, ರಾಳ ಕಳಿಸುವ ಅಂಗಡಿಯನ್ನೂ ಚೂರು ಮೇಡಂ ಅವರನ್ನೂ ಸಂಶಯಿಸಿದ. ಎಲ್ಲರನ್ನೂ ಸಂಶಯಿಸಿ ಮುಗಿದ ಮೇಲೆ ಕೋಣೆಯಲ್ಲಿ ಉಳಿದವನು ಒಬ್ಬನೇ. ಅಂದಿಗೂ ಇಂದಿಗೂ ಬದಲಾದದ್ದೇನು? ಅದೇ ರಾಳ, ಅದೇ ಕೈ. ಗಂಟಲು ಮಾತ್ರ ಬೇರೆ.

ವಾರ ಕಳೆದು ಮಾತು ಮರಳಿತು. ಪಿತ್ತಣ್ಣ ಬಾಗಿಲು ಮುಂದೆ ಮಾಡಿ, ರೋಗಿ ಇಲಿಯದೊಂದು, ಆರೋಗ್ಯವಂತ ಇಲಿಯದೊಂದು ಯಕೃತ್ತನ್ನು ಪಕ್ಕಪಕ್ಕ ಇಟ್ಟು, ರಾಳ ಬೆರೆಸಿ ಎರಡು ಸಿರಿಂಜು ತುಂಬಿ, ಮೂಲೆಯ ಫ್ರಿಜ್ಜಿನ ಕಡೆ ತಿರುಗಿ ನಿಂತ. “ಮಾನ್ಯರೇ,” ಎಂದ. ಸೃಷ್ಟಿಯ ಆದಿಯಿಂದ ಶುರುಮಾಡಿದ. ತಲೆಕೆಳಗಾದ ಮರದ ಹೋಲಿಕೆ ಬಂತು. ಮನೆಯವರೂ ನಗುವುದನ್ನು ಬಿಟ್ಟಿದ್ದ ಹಾಸ್ಯ ಬಂತು. ಫ್ರಿಜ್ಜು ಗುರ್ ಎನ್ನುತ್ತ ಗೌರವದಿಂದ ಕೇಳಿತು. “ಈಗ ತಡ ಮಾಡೋ ಹಾಗಿಲ್ಲ” ಎನ್ನುವ ಹೊತ್ತಿಗೆ ಬಾಗಿಲು ಕಿರುಗುಟ್ಟಿತು. ಚೂರು ಮೇಡಂ ನಿಂತಿದ್ದರು. ಕೈಯಲ್ಲಿ ಅಳತೆ ಟೇಪು. ತಮ್ಮ ಯಂತ್ರ ಈ ಕೋಣೆಯಲ್ಲಿ ಹಿಡಿಯುತ್ತದೆಯೇ ನೋಡಲು ಬಂದಿದ್ದರು.

“ಯಾರ ಜೊತೆ ಮಾತಾಡ್ತಿದೀರಿ?”

“ಫ್ರಿಜ್ಜಿನ ಜೊತೆ.”

ಮೇಡಂ ಫ್ರಿಜ್ಜನ್ನು ನೋಡಿದರು, ಅವನನ್ನು ನೋಡಿದರು. “ಪಾಪ,” ಎಂದರು. ಯಾರಿಗೆಂದು ಹೇಳದೆ ಹೊರಟುಹೋದರು.

ಪಿತ್ತಣ್ಣ ಎರಡೂ ಸಿರಿಂಜು ಒತ್ತಿದ. ಒತ್ತುವಾಗಲೇ ಬೆರಳಿಗೆ ಗೊತ್ತಾಯಿತು. ರಾಳ ಜೇನಿನಂತೆ ದಪ್ಪಗಾಗಿ ಒಲ್ಲೆನೆನ್ನುತ್ತಿತ್ತು. ಸ್ಕ್ಯಾನ್ ಮಾಡಿದ. ರೋಗಿ ಇಲಿಯ ಅಂಚು ಬೋಳು. ಜೀವಮಾನದಲ್ಲಿ ಒಂದು ದಿನವೂ ಜಡ್ಡು ಬೀಳದ, ಗುಂಡುಕಲ್ಲಿನಂತಿದ್ದ ಆರೋಗ್ಯವಂತ ಇಲಿಯ ಅಂಚೂ ಬೋಳು.

ಈಗ ಎಲ್ಲವೂ ನಿಚ್ಚಳವಾಯಿತು. ನೋಡಲು ಬಂದವರಿಗೆ ಅವನು ತೋರಿಸುತ್ತಿದ್ದದ್ದು ರೋಗಿ ಇಲಿಗಳನ್ನೇ. ಯಾರೂ ಇಲ್ಲದಾಗಲೂ ರೋಗಿ ಇಲಿ ಮೇಜಿನ ಮೇಲಿದ್ದರೆ ತನ್ನಷ್ಟಕ್ಕೇ ವಿವರಿಸುತ್ತಿದ್ದ. ಆರೋಗ್ಯವಂತ ಇಲಿಯ ಬಗ್ಗೆ ಹೇಳಲು ಏನಿರುತ್ತದೆ? ಅವಕ್ಕೆ ಮಾತಿಲ್ಲದೆ ಒತ್ತಿ ಬದಿಗಿಡುತ್ತಿದ್ದ, ಅವು ತುಂಬಿಕೊಳ್ಳುತ್ತಿದ್ದವು. ಖಾಲಿ ಸೀಮೆ ಕಾಯಿಲೆಯಿಂದ ಬಂದದ್ದಲ್ಲ, ಉಪನ್ಯಾಸದಿಂದ ಬಂದದ್ದು. ಹಜಾರದ ಗಾಜಿನ ಪೆಟ್ಟಿಗೆಯಲ್ಲಿ ಆಳೆತ್ತರಕ್ಕೆ ನಿಂತಿರುವುದು ಪಿತ್ತಣ್ಣನ ನಾಲಿಗೆಯ ಸ್ಮಾರಕ.

ಸಂಜೆ ಮನೆಯಲ್ಲಿ ಅವನು ಏನೂ ಮಾತಾಡದೆ ಕೂತ. ಹೆಂಡತಿ ಅಭ್ಯಾಸಬಲದಿಂದ “ಹೂಂ” ಅಂದಳು. ಅತ್ತಲಿಂದ ಮಾತೇ ಬಂದಿರಲಿಲ್ಲವೆಂದು ಗೊತ್ತಾಗಿ ಬಟ್ಟೆ ಮಡಿಸುವುದು ನಿಲ್ಲಿಸಿದಳು.

“ಏನ್ರೀ, ಗಂಟಲು ಸರಿಹೋಯ್ತು ಅಂದ್ರಲ್ಲ?”

ಅವನು ಹೇಳಿದ. ಮೊದಲ ಬಾರಿಗೆ ಚುಟುಕಾಗಿ.

“ಬೇರೆ ಯಾರಿಗಾದ್ರೂ ಗೊತ್ತಾ?”

“ಫ್ರಿಜ್ಜಿಗೆ.”

“ಹಾಗಾದ್ರೆ ಕಿಟಕಿ ನಿಮ್ದೇ.” ಅವಳು ಮತ್ತೆ ಬಟ್ಟೆ ಕೈಗೆತ್ತಿಕೊಂಡಳು. “ಸುಮ್ನೆ ಹೋಗಿ ಭಾಷಣ ಮಾಡಿ ಬನ್ನಿ. ಆಮೇಲೆ ದಿನಾ ಆ ಕಿಟಕಿ ಮುಂದೆ ಕೂತ್ಕೊಂಡು, ಬಂದೋರಿಗೆಲ್ಲ ಅದನ್ನೇ ಹೇಳ್ತಾ ಇರಿ. ನಿಮಗೆ ಗೊತ್ತಿರೋ ಸುಳ್ಳನ್ನ ನೀವು ಎಷ್ಟು ಹೊತ್ತು ಹೇಳ್ತೀರಿ ಅಂತ ನಾನೂ ನೋಡ್ತೀನಿ. ಮೂಗಿನ ತುದಿ ಕೆಂಪಗಾಗುತ್ತೆ ನಿಮ್ದು.”

ಪಿತ್ತಣ್ಣ ಮೂಗು ಮುಟ್ಟಿಕೊಂಡ. ಆಗಲೇ ಬಿಸಿಯಾಗಿತ್ತು.

ಹಾಗೆಂದು ಮನಸ್ಸು ಒಂದೇ ಏಟಿಗೆ ಒಪ್ಪಲಿಲ್ಲ. ಸಭೆಯ ಬೆಳಿಗ್ಗೆ ಬಾಡಿದ ಗಿಡದ ಕುಂಡವನ್ನು ಎತ್ತಿಕೊಂಡು ಮೇಲಿನ ಕೋಣೆಗೆ ಹೋದ. ಜಾಗ ನೋಡಿಕೊಂಡು ಬರುವ ನೆಪ. ಚೂರು ಮೇಡಂ ಚೂರು ಅಂಟಿಸಿದ ಗಾಜುಗಳನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ಇಡುತ್ತಿದ್ದರು. ಕಿಟಕಿಯ ತುಂಬ ಬಿಸಿಲು.

“ಗಿಡಾನೂ ತಂದ್ರಾ? ಸಭೆ ಮುಗಿಯೋವರೆಗಾದ್ರೂ ತಡ್ಕೋಬಾರದಾ?”

“ಮೇಡಂ, ನಿಮ್ಮ ಅಂಚಿನ ಚುಕ್ಕೆಗಳಿವೆಯಲ್ಲ...”

“ಚುಕ್ಕೆ ಅಲ್ಲ, ನಾಳ. ಸಾಯೋವರೆಗೂ ಹೇಳ್ತೀನಿ. ನಿಮ್ಮ ನೆಲಮಾಳಿಗೇಲಿ ಕೂತೂ ಹೇಳ್ತೀನಿ, ಅಲ್ಲಿ ಕತ್ತಲಲ್ಲಿ ನನಗೆ ಏನೂ ಕಾಣದೇ ಇದ್ರೂ ಹೇಳ್ತೀನಿ!” ಪೆಟ್ಟಿಗೆಯ ಮುಚ್ಚಳ ಧಡಾರನೆ ಬಿತ್ತು.

ಪಿತ್ತಣ್ಣ ಕುಂಡವನ್ನು ಕಿಟಕಿಯ ಹಲಗೆಯ ಮೇಲಿಟ್ಟ. ಆ ಪೆಟ್ಟಿಗೆಯೊಳಗೆ ಏನೇನಿದೆಯೆಂದು ಈಗ ಅವನಿಗೂ ಗೊತ್ತಿತ್ತು. ತನ್ನ ಪರದೆಯ ಮೇಲೆ ತಿರುಗಿಸಿ ನೋಡಿದ್ದ. ಬಾಯಿ ತೆರೆದ. ಜೀವನದಲ್ಲಿ ಎಂದೂ ಕೈಕೊಡದ ಮಾತು ಅಂದು ಕೈಕೊಟ್ಟಿತು. ಹಾಗೇ ಇಳಿದುಬಂದ.

ಸಭಾಂಗಣ ತುಂಬಿತ್ತು. ನಿರ್ದೇಶಕರು ಪಿತ್ತಣ್ಣನನ್ನು ಪರಿಚಯಿಸುತ್ತ ಬಹಳ ಹೊತ್ತು ಮಾತಾಡಿದರು. ಆ ಅವಧಿಯಲ್ಲಿ ಒಂದು ಬಕೀಟು ರಾಳ ಗಟ್ಟಿಯಾಗಬಹುದಿತ್ತು. ಹಳೆಯ ಸಹೋದ್ಯೋಗಿಗಳು ಕುರ್ಚಿಯಲ್ಲಿ ಜಾರಿ ಕೂತು, ನಿದ್ದೆಗೆ ಅನುಕೂಲವಾಗುವಂತೆ ಕತ್ತು ಒರಗಿಸಿಕೊಂಡರು.

ಪಿತ್ತಣ್ಣ ಎದ್ದು ನಿಂತು, ಪರದೆಯ ಮೇಲೆ ಎರಡು ಮರ ತೋರಿಸಿದ.

“ಎರಡೂ ಕಾಯಿಲೆ ಇಲಿಗಳದ್ದೇ. ಒಂದಕ್ಕೆ ರಾಳ ಬೆರೆಸಿದ ಮೇಲೆ ನಾನು ಮಾತಾಡ್ತಾ ನಿಂತೆ. ಇನ್ನೊಂದಕ್ಕೆ ಗಂಟಲು ಕಟ್ಟಿತ್ತು. ಮಾತಾಡಿದ್ರಲ್ಲಿ ಅಂಚು ಖಾಲಿ. ಸುಮ್ನಿದ್ದದ್ರಲ್ಲಿ ನಾಳ ಇದಾವೆ, ಸಣ್ಣಗಿವೆ, ಸೊಟ್ಟಗಿವೆ, ಚೂರು ಮೇಡಂ ಹೇಳಿದ ಹಾಗೇನೇ. ಖಾಲಿ ಸೀಮೆ ಅನ್ನೋದು ಇಲಿ ಲಿವರಲ್ಲಿ ಇಲ್ಲ. ನಮಸ್ಕಾರ.”

ಕೂತುಬಿಟ್ಟ. ಆಗಷ್ಟೇ ಕಣ್ಣು ಮುಚ್ಚಿದ್ದವರು ಗಾಬರಿಯಿಂದ ಎಚ್ಚರಗೊಂಡು, ಏನೋ ಅನಾಹುತವಾಗಿದೆಯೆಂದು ಬಾಗಿಲ ಕಡೆ ನೋಡಿದರು. ಹಿಂದಿನ ಸಾಲಿನಲ್ಲಿ ಚೂರು ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಪರದೆಯನ್ನಲ್ಲ, ಪಿತ್ತಣ್ಣನನ್ನು ನೋಡಿದರು.

ನಿರ್ದೇಶಕರ ಮುಖ ಅವರ ಬೂಟಿನಂತೆ ಕಪ್ಪಿಟ್ಟಿತು.

“ಇದನ್ನ ಮೊದಲೇ ಹೇಳೋಕೆ ಏನಾಗಿತ್ರೀ ನಿಮ್ಗೆ?”

“ಗಂಟಲು ಕಟ್ಟಿತ್ತು ಸರ್.”

ಕಿಟಕಿಯ ಕೋಣೆಯ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಹಜಾರದ ಪ್ಲಾಸ್ಟಿಕ್ ಮರವನ್ನು ತೆಗೆಸಬೇಕೆಂದು ಕೆಲವರು ಹೇಳಿದರು. ಆದರೆ ಅದರ ಮುಂದೆ ನಿಂತು ಗಣ್ಯರೊಂದಿಗೆ ತೆಗೆಸಿಕೊಂಡ ಫೋಟೋಗಳು ನಿರ್ದೇಶಕರ ಕೋಣೆಯ ಗೋಡೆಯಲ್ಲಿದ್ದವು. ಹಾಗಾಗಿ ‘ಖಾಲಿ ಸೀಮೆ’ ಎಂಬ ಫಲಕ ಕಿತ್ತು ‘ವಿಜ್ಞಾನದ ಮರ’ ಎಂದು ಬರೆಸಿದರು. ಅಂಚು ಏಕೆ ಬೋಳಾಗಿದೆಯೆಂದು ಕೇಳಿದವರಿಗೆ, ಕಲಿಯುವುದು ಇನ್ನೂ ಬಹಳಷ್ಟಿದೆ ಎಂಬುದರ ಸಂಕೇತ ಎಂದು ಗಂಭೀರವಾಗಿ ಹೇಳಲಾಗುತ್ತದೆ.

ನೆಲಮಾಳಿಗೆಯ ಬಾಗಿಲಿಗೂ ಒಂದು ಫಲಕ ಬಂತು: ‘ರಾಳ ಬೆರೆಸಿದ ಮೇಲೆ ಮಾತು ಬೇಡ’. ಜನ ಅದಕ್ಕೆ ಪಿತ್ತಣ್ಣನ ಕಾಯಿದೆ ಎನ್ನುತ್ತಾರೆ. ಕೊನೆಗೂ ಒಂದಕ್ಕೆ ತನ್ನ ಹೆಸರು ಅಂಟಿದ್ದು ಅವನಿಗೆ ಒಳಗೊಳಗೇ ಖುಷಿ. ಬಂದವರಿಗೆ ಈ ಕಾಯಿದೆಯ ಹುಟ್ಟು, ಬೆಳವಣಿಗೆ, ಮಹತ್ವವನ್ನೆಲ್ಲ ವಿವರಿಸುತ್ತಾನೆ, ಆದರೆ ರಾಳ ಬೆರೆಸುವುದಕ್ಕೆ ಮುಂಚೆ. ಒಮ್ಮೊಮ್ಮೆ ಸಂಜೆಯಾದರೂ ಬೆರೆಸುವ ಸರದಿ ಬರುವುದಿಲ್ಲ.

ಮನೆಯಲ್ಲಿ ಇದನ್ನೆಲ್ಲ ಕೇಳಿದ ಹೆಂಡತಿ, “ಆ ರಾಳ ಒಂದು ಡಬ್ಬ ಮನೆಗೂ ತನ್ನಿ. ಬೆರೆಸಿಟ್ರೆ ನೀವು ಸುಮ್ನಿರ್ತೀರಿ ಅಂತಾಯ್ತಲ್ಲ,” ಎಂದಳು.

ಒಂದು ಮಧ್ಯಾಹ್ನ ಪಿತ್ತಣ್ಣ ಗಿಡ ವಾಪಸು ತರಲು ಮೇಲಿನ ಕೋಣೆಗೆ ಹೋದ. ಚೂರು ಮೇಡಂ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ ಮೊದಲಿನಂತೆ ಜೋಡಿಸಿದ್ದರು. ಗಿಡ ಚಿಗುರಿತ್ತು.

“ಕೆಳಗೆ ತಗೊಂಡ್ಹೋದ್ರೆ ಸಾಯುತ್ತೆ. ಇಲ್ಲೇ ಇರ್ಲಿ,” ಎಂದರು ಮೇಡಂ, ತಲೆಯೆತ್ತದೆ. “ನೀವು ಮಾತಾಡೋದಾದ್ರೆ ಹೊರಡಿ. ಸುಮ್ನಿರೋದಾದ್ರೆ ಆ ಸ್ಟೂಲಲ್ಲಿ ಕೂತ್ಕೊಳ್ಳಿ.”

ಪಿತ್ತಣ್ಣ ಕೂತ. ಮೊದಲ ಬಾರಿಗೆ ಹೊರಗೆ ಓಡಾಡುವವರು ತಲೆಯಿಂದ ಕಾಲಿನವರೆಗೆ ಇಡಿಯಾಗಿ ಕಂಡರು. ಅವರ ಮೇಲೆ ಮರ. ಕಾಂಡದಿಂದ ಕೊಂಬೆ, ಕೊಂಬೆಯಿಂದ ಟಿಸಿಲು, ತುದಿಯವರೆಗೂ ತುಂಬಿಕೊಂಡ ಮರ. ಪಿತ್ತಣ್ಣ ತುಟಿ ಬಿಗಿಹಿಡಿದ. ಹಿಡಿದೇ ಇದ್ದ. ಇನ್ನು ಹಿಡಿಯಲಾರದಾದ.

“ಈ ಮರ ಇದೆಯಲ್ಲ ಮೇಡಂ, ಇದನ್ನ ತಲೆಕೆಳಗೆ ಮಾಡಿದ್ರೆ...”

ಚೂರು ಮೇಡಂ ಯಂತ್ರದ ಹಿಡಿ ತಿರುಗಿಸತೊಡಗಿದರು. ಅದು ಬೇಕಾದಷ್ಟು ಸದ್ದು ಮಾಡುತ್ತಿತ್ತು.